ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿದ್ರಾ? ಕ್ಯಾಸೆಟ್ ಹಾಕುವ ಮೊದಲು ಇಷ್ಟು ಮಾಡಿ

ಮಳೆಗಾಲ ಮುಗಿದು ದೀಪಾವಳಿಗೆ ಮನೆ ಕ್ಲೀನಿಂಗ್ ಶುರುವಾಯಿತು ಅಂದರೆ ಮಲೆನಾಡಿನ ಸುಮಾರು ಮನೆಗಳಲ್ಲಿ ಅಟ್ಟದಿಂದ ಒಂದು ಹಳೇ ಟೂ-ಇನ್-ವನ್ ಕೆಳಗೆ ಬರ್ತದೆ. ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರುವ, ಮೇಲೆ ಹಿಡಿಕೆ ಇರುವ ಪೆಟ್ಟಿಗೆ. ಅದರ ಜೊತೆ ಬಿಸ್ಕತ್ ಡಬ್ಬಿಯಲ್ಲಿ ಹತ್ತಿಪ್ಪತ್ತು ಕ್ಯಾಸೆಟ್. ಕಾಳಿಂಗ ನಾವಡರ ಭಾಗವತಿಕೆ, ಶೇಣಿಯವರ ತಾಳಮದ್ದಲೆ, ಅಣ್ಣಾವ್ರ ಭಕ್ತಿಗೀತೆ. ಇವುಗಳ ನಡುವೆ ಕವರ್ ಕೂಡ ಇಲ್ಲದ, ಬಾಲ್‌ಪೆನ್ನಲ್ಲಿ ‘ಅಮ್ಮನ ಹಾಡು’ ಅಂತಲೋ ‘ಮದುವೆ’ ಅಂತಲೋ ಬರೆದ ಒಂದು ಕ್ಯಾಸೆಟ್ ಇದ್ದೇ ಇರ್ತದೆ.

ನಾವಡರ ಪದ ಮೊಬೈಲಲ್ಲೇ ಸಿಗ್ತದೆ. ಆದರೆ ಆ ಬಾಲ್‌ಪೆನ್ ಕ್ಯಾಸೆಟ್ ಇನ್ನೆಲ್ಲೂ ಸಿಗುವುದಿಲ್ಲ. ತೀರಿಹೋದ ಅಜ್ಜಿಯ ಸೋಬಾನೆ ಪದ, ಅಪ್ಪ ಕುಡಿಮೀಸೆ ವಯಸ್ಸಲ್ಲಿ ತಮಾಷೆಗೆ ಮಾಡಿದ ಭಾಷಣ, ಮಗು ಮೊದಲ ಸಲ ಮಾತಾಡಿದ್ದು, ಎಲ್ಲ ಅದೊಂದರಲ್ಲೇ ಇರೋದು. ಎಲ್ಲರೂ ಮೊದಲು ಹಾಕುವುದೂ ಅದನ್ನೇ. ವೈರ್ ಚುಚ್ಚಿ, ಪ್ಲೇ ಒತ್ತಿ, ಎರಡು ನಿಮಿಷ ಧ್ವನಿ ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವಷ್ಟರಲ್ಲಿ ಧ್ವನಿ ಎಳೆದಂತಾಗಿ ನಿಲ್ತದೆ. ಬಾಗಿಲು ತೆಗೆದು ನೋಡಿದರೆ ರೀಲು ರೋಲರ್‌ಗೆ ಸುತ್ತಿಕೊಂಡು ಸುಕ್ಕಾಗಿ ಕೂತಿರ್ತದೆ.

ಹಾಗಾಗಿ ಈ ಕ್ರಮ ತಪ್ಪಿಸಬೇಡಿ: ಮೊದಲು ಸೆಟ್ ಸ್ವಚ್ಛ ಮಾಡಬೇಕು, ಆಮೇಲೆ ಹಾಳಾದರೂ ಬೇಸರವಿಲ್ಲದ ಒಂದು ಕ್ಯಾಸೆಟ್ ಹಾಕಿ ಪೂರ್ತಿ ಒಂದು ಸೈಡ್ ಓಡಿಸಿ ನೋಡಬೇಕು, ಮನೆಯವರ ಧ್ವನಿ ಇರುವ ಕ್ಯಾಸೆಟ್ ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ಬೇಕಾಗುವುದು ಒಂದು ಮಧ್ಯಾಹ್ನ, ಸ್ವಲ್ಪ ಸ್ಪಿರಿಟ್, ಸ್ವಲ್ಪ ಹತ್ತಿ.

ಮೊದಲ ಕೆಲಸ: ಚಿಕ್ಕ ಪ್ಲಾಸ್ಟಿಕ್ ಎಸಳು ಮುರಿಯುವುದು

ಸೆಟ್ ಮುಟ್ಟುವ ಮೊದಲೇ ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳನ್ನೆಲ್ಲ ಒಂದು ಕಡೆ ಇಡಿ. ಕ್ಯಾಸೆಟ್‌ನ ರೀಲು ಕಾಣುವ ಅಂಚು ಕೆಳಗೆ ಬರುವಂತೆ ಹಿಡಿದರೆ ಮೇಲಿನ ಅಂಚಿನ ಎರಡೂ ತುದಿಯಲ್ಲಿ ಉಗುರಿನಷ್ಟು ಚಿಕ್ಕ ಪ್ಲಾಸ್ಟಿಕ್ ಎಸಳು ಇರ್ತವೆ. ಯಾವ ಸೈಡ್ ನಿಮ್ಮ ಮುಖಕ್ಕಿದೆಯೋ ಆ ಸೈಡಿಗೆ ಸೇರಿದ್ದು ಎಡಗಡೆಯ ಎಸಳು. ಚಿಕ್ಕ ಸ್ಕ್ರೂಡ್ರೈವರ್‌ನಲ್ಲಿ ಅದನ್ನು ಮುರಿದು ಹಾಕಿ, ಎರಡೂ ಕಡೆ. ಆಮೇಲೆ ಮನೆಯ ಹುಡುಗರು ಎಷ್ಟೇ ಒತ್ತಿದರೂ ಕೆಂಪು ರೆಕಾರ್ಡ್ ಬಟನ್ ಕೆಳಗೆ ಹೋಗುವುದಿಲ್ಲ. ಎಸಳು ಇದ್ದರೆ, ಯಾರೋ ಗೊತ್ತಿಲ್ಲದೆ ಒತ್ತಿದ ಅರ್ಧ ನಿಮಿಷಕ್ಕೆ ಅಜ್ಜಿಯ ಅರ್ಧ ನಿಮಿಷ ಅಳಿಸಿ ಹೋಗ್ತದೆ. ಅದನ್ನು ವಾಪಸ್ ತರುವ ದಾರಿ ಇಲ್ಲ.

ಮುಂದೆ ಯಾವತ್ತಾದರೂ ಅದೇ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಬೇಕು ಅನ್ನಿಸಿದರೆ ಆ ತೂತಿನ ಮೇಲೆ ಸೆಲ್ಲೋ ಟೇಪ್ ಅಂಟಿಸಿದರೆ ಸಾಕು. ಮುರಿದರೆ ಕ್ಯಾಸೆಟ್ ಹಾಳಾಗ್ತದೆ ಅನ್ನುವ ಭಯ ಬೇಡ.

ಕರೆಂಟ್ ಕೊಡುವ ಮುಂಚೆ

ಅಟ್ಟದಲ್ಲಿದ್ದ ಸೆಟ್ಟನ್ನು ನೇರ ಪ್ಲಗ್‌ಗೆ ಹಾಕುವುದು ತಪ್ಪು. ಇಲಿ ಕಡಿದ ವೈರ್, ಒಳಗೆ ಜಿರಳೆ ಮೊಟ್ಟೆ, ಹಲ್ಲಿ ಹಿಕ್ಕೆ, ಕೆಲವು ಸಲ ಪೂರ್ತಿ ಇರುವೆ ಗೂಡೇ ಇರ್ತದೆ. ಮೊದಲು ವೈರ್ ಉದ್ದಕ್ಕೂ ಬೆರಳಾಡಿಸಿ ನೋಡಿ, ಕಡಿದಿದ್ದರೆ ಇನ್ಸುಲೇಶನ್ ಟೇಪ್ ಸುತ್ತುವ ಬದಲು ಹೊಸ ವೈರ್ ತನ್ನಿ. ಹಳೇ ಸೆಟ್ಟುಗಳಿಗೆ ಬರುವುದು ಇಂಗ್ಲಿಷ್ ಎಂಟರ ಆಕಾರದ ಪಿನ್ನಿನ ವೈರ್. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇನ್ನೂ ಸಿಗ್ತದೆ.

ಗಲ್ಫ್‌ನಲ್ಲಿದ್ದ ನೆಂಟರು ತಂದುಕೊಟ್ಟ ಸೆಟ್ ಆಗಿದ್ದರೆ ಹಿಂಬದಿಯಲ್ಲೋ, ಸೆಲ್ ಹಾಕುವ ಡಬ್ಬಿಯ ಒಳಗೋ ವೋಲ್ಟೇಜ್ ಬದಲಿಸುವ ಚಿಕ್ಕ ಸ್ವಿಚ್ ಇರಬಹುದು. ಅದು 110ರ ಕಡೆ ಇದ್ದು ನಮ್ಮ 230 ವೋಲ್ಟ್ ಕೊಟ್ಟರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗ್ತದೆ. 220 ಅಥವಾ 240ರ ಕಡೆ ಇದೆಯಾ ನೋಡಿಕೊಳ್ಳಿ. ಸ್ವಿಚ್ ಇಲ್ಲದಿದ್ದರೆ ಹಿಂದಿನ ಲೇಬಲ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿರ್ತದೆ.

ಮೊದಲ ಸಲ ಓಡಿಸಿ ನೋಡುವುದಕ್ಕೆ ಸೆಲ್ಲೇ ಒಳ್ಳೆಯದು. ದೊಡ್ಡ ಸೆಲ್ ಒಂದಕ್ಕೆ 1.5 ವೋಲ್ಟ್. ನಾಲ್ಕು ಹಾಕುವ ಸೆಟ್ ಆದರೆ 6 ವೋಲ್ಟ್, ಆರಾದರೆ 9. ಶಾಕ್ ಹೊಡೆಯುವ ಮಾತೇ ಇಲ್ಲ. ಆದರೆ ವೈರ್ ಸೆಟ್ಟಿನಿಂದ ಕಿತ್ತಿಡಿ, ಯಾಕೆಂದರೆ ವೈರ್ ಸಿಕ್ಕಿಸಿದ್ದರೆ ಬಹಳ ಸೆಟ್ಟುಗಳಲ್ಲಿ ಸೆಲ್ ಕೆಲಸ ಮಾಡುವುದಿಲ್ಲ. ‘ಸೆಲ್ ಹಾಕಿದ್ರೂ ಓಡ್ತಿಲ್ಲ’ ಅಂತ ಅಂಗಡಿಗೆ ಹೊತ್ತೊಯ್ದು ನಗೆಪಾಟಲಾಗುವುದು ಇದೇ ಕಾರಣಕ್ಕೆ.

ಸೆಲ್ ಸೋರಿದ್ದರೆ

ಮೂಲೆ ಸೇರಿದ ಸೆಟ್ಟುಗಳು ಸಾಯುವುದಕ್ಕೆ ಮುಖ್ಯ ಕಾರಣ ಒಳಗೇ ಮರೆತ ಸೆಲ್. ಡಬ್ಬಿ ತೆಗೆದಾಗ ಬಿಳಿ ಅಥವಾ ಕಂದು ಪುಡಿ, ಹಸಿರು ಕಟ್ಟಿದ ಸ್ಪ್ರಿಂಗ್ ಕಂಡರೆ ಬರಿಗೈ ಹಾಕಬೇಡಿ. ಪ್ಲಾಸ್ಟಿಕ್ ಕವರನ್ನಾದರೂ ಕೈಗೆ ಸುತ್ತಿಕೊಂಡು ಸೆಲ್ ತೆಗೆಯಿರಿ, ಕಣ್ಣು ಉಜ್ಜಿಕೊಳ್ಳಬೇಡಿ.

ಏನು ಹಾಕಿ ಒರೆಸಬೇಕು ಅನ್ನೋದು ಸೆಲ್ ಮೇಲೆ ಹೋಗ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಮಾಮೂಲಿ ಸೆಲ್ ಸೋರಿದರೆ ಅದು ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾ ಕದಡಿದ ನೀರಲ್ಲಿ ಅದ್ದಿದ ಬಡ್ಸ್. ಸೆಲ್ ಮೇಲೆ ‘ಆಲ್ಕಲೈನ್’ ಅಂತ ಬರೆದಿದ್ದರೆ ಅದು ಕ್ಷಾರ, ಅದಕ್ಕೆ ನಿಂಬೆಹಣ್ಣಿನ ರಸ ಅಥವಾ ವಿನೆಗರ್. ಎರಡಕ್ಕೂ ಆಮೇಲೆ ನೀರಲ್ಲಿ ಅದ್ದಿ ಹಿಂಡಿದ ಬಡ್ಸ್, ಕೊನೆಗೆ ಸ್ಪಿರಿಟ್. ನೀರು ಸುರಿಯಬಾರದು, ಬಡ್ಸ್ ತುದಿಯಷ್ಟೇ ಒದ್ದೆ ಇರಲಿ. ತುಕ್ಕು ಹಿಡಿದ ಸ್ಪ್ರಿಂಗ್, ತಗಡನ್ನು ನುಣುಪು ಮರಳು ಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ. ಸ್ಪ್ರಿಂಗ್ ತಿಂದು ಹೋಗಿ ಮುರಿದಿದ್ದರೆ ಬೇರೆ ಹಾಕಿಸಿಕೊಳ್ಳಬಹುದು, ಅದು ದೊಡ್ಡ ರಿಪೇರಿ ಅಲ್ಲ.

ಹಳೇ ಸೆಲ್ ಎರಡು, ಹೊಸ ಸೆಲ್ ಎರಡು ಅಂತ ಬೆರೆಸಿ ಹಾಕುವ ಉಳಿತಾಯ ಬೇಡ. ಬೇಗ ಸೋರುವುದೇ ಆ ಹಳೇ ಎರಡು.

ಮುಖ್ಯ ಜಾಗ: ಹೆಡ್, ಕಡ್ಡಿ, ರಬ್ಬರ್

ಕ್ಯಾಸೆಟ್ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಮಧ್ಯದಲ್ಲಿ ಹೊಳೆಯುವ ಚೌಕಾಕಾರದ್ದು ಹೆಡ್. ಧ್ವನಿ ಓದುವುದು ಇದೇ. ಪಕ್ಕದಲ್ಲಿ ಇನ್ನೊಂದು ಚಿಕ್ಕದು, ರೆಕಾರ್ಡ್ ಮಾಡುವಾಗ ಹಳೆಯದನ್ನು ಅಳಿಸುವ ಹೆಡ್. ಇನ್ನೊಂದು ಬದಿಗೆ ಸೂಜಿಗಿಂತ ಸ್ವಲ್ಪ ದಪ್ಪ ಇರುವ ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿಕೊಳ್ಳುವ ಕಪ್ಪು ರಬ್ಬರ್ ಗಾಲಿ. ಕಡ್ಡಿಗೆ ಕ್ಯಾಪ್‌ಸ್ಟನ್ ಅಂತಲೂ ಗಾಲಿಗೆ ಪಿಂಚ್ ರೋಲರ್ ಅಂತಲೂ ಹೆಸರು. ಇವೆರಡರ ನಡುವೆ ಸಿಕ್ಕಿ ರೀಲು ಮುಂದೆ ಹೋಗ್ತದೆ.

ಫಿಲಿಪ್ಸ್ ಕಂಪನಿ 1963ರಲ್ಲಿ ಈ ಕ್ಯಾಸೆಟ್ ತಂದಾಗ ನಿಗದಿಯಾದ ಅಳತೆಯೇ ಇವತ್ತಿಗೂ ಇರುವುದು. ರೀಲಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. 60 ನಿಮಿಷದ ಕ್ಯಾಸೆಟ್‌ನ ಒಂದು ಸೈಡ್ ಅಂದರೆ 30 ನಿಮಿಷ, ಅಷ್ಟರಲ್ಲಿ ಸುಮಾರು 86 ಮೀಟರ್ ರೀಲು ಆ ಹೆಡ್ಡಿಗೆ ಉಜ್ಜಿಕೊಂಡು ಹೋಗ್ತದೆ. ರೀಲಿನ ಮೇಲಿರುವ ಕಂದು ಬಣ್ಣ ಕಬ್ಬಿಣದ ಆಕ್ಸೈಡ್ ಪುಡಿ. ಅದು ಸ್ವಲ್ಪ ಸ್ವಲ್ಪ ಉದುರಿ ಹೆಡ್ ಮೇಲೂ ರಬ್ಬರ್ ಮೇಲೂ ಕೂರ್ತದೆ. ಅಡುಗೆ ಮನೆ ಹೊಗೆ, ಊದಿನಕಡ್ಡಿ ಹೊಗೆ, ಅಡಿಕೆ ಸುಲಿಯುವ ಜಾಗದ ದೂಳು ಇದರ ಮೇಲೆ ಸೇರಿ ಗಟ್ಟಿ ಪದರ ಆಗ್ತದೆ.

ಹೆಡ್ ಮೇಲೆ ಪದರ ಕೂತರೆ ರೀಲು ಕೂದಲೆಳೆಯಷ್ಟು ದೂರ ನಿಲ್ತದೆ. ಅಷ್ಟಕ್ಕೇ ತಾಳದ, ಗೆಜ್ಜೆಯ ಸಣ್ಣ ಸದ್ದೆಲ್ಲ ಮಾಯ, ಕಂಬಳಿ ಹೊದ್ದು ಹಾಡಿದ ಹಾಗೆ ಕೇಳ್ತದೆ. ಎರಡು ಸ್ಪೀಕರ್ ಸೆಟ್ ಆದರೆ ಒಂದು ಕಡೆ ಸಣ್ಣಗೆ, ಒಂದು ಕಡೆ ಜೋರು. ‘ಕ್ಯಾಸೆಟ್ ಹಾಳಾಗಿದೆ’ ಅಂತ ಎಸೆದವರೂ ಇದ್ದಾರೆ. ಹಾಳಾಗಿದ್ದು ಕ್ಯಾಸೆಟ್ ಅಲ್ಲ. ರಬ್ಬರ್ ಮೇಲೆ ಪದರ ಕೂತರೆ ಇನ್ನೂ ಕೆಟ್ಟದ್ದು: ರಬ್ಬರ್ ಅಂಟು ಅಂಟಾಗಿ ರೀಲನ್ನು ಬಿಡುವುದೇ ಇಲ್ಲ, ತನ್ನ ಸುತ್ತಲೇ ಸುತ್ತಿಕೊಳ್ತದೆ.

ಒರೆಸಲು ಬೇಕಾದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಗೊತ್ತಾಗ್ತದೆ, ಅವರು ಬೋರ್ಡ್ ತೊಳೆಯುವುದು ಅದರಲ್ಲೇ. ಬಾಟಲಿ ಮೇಲೆ ಶೇಕಡಾ 90ಕ್ಕಿಂತ ಮೇಲೆ ಇರಲಿ. ಮೆಡಿಕಲ್ ಶಾಪಿನ ಸ್ಪಿರಿಟ್ ಆದರೆ ಲೇಬಲ್ ಓದಿ, ಎಣ್ಣೆ ಅಂಶ ಬೆರೆಸಿದ್ದು ಬೇಡ. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಇದಕ್ಕೆ ಬಳಸಲೇಬಾರದು, ಅದರ ಜೆಲ್ಲು, ಗ್ಲಿಸರಿನ್ ಹೆಡ್ ಮೇಲೆ ಉಳಿದುಬಿಡ್ತದೆ. ತೆಂಗಿನೆಣ್ಣೆ, ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಡ. ಐಪಿಎಗೆ ಬೆಂಕಿ ಬೇಗ ಹತ್ತುತ್ತದೆ, ಊದಿನಕಡ್ಡಿ ಉರಿಯುವ ಕಡೆ, ಒಲೆ ಹತ್ತಿರ ಈ ಕೆಲಸ ಮಾಡಬೇಡಿ. ವೈರ್ ಕಿತ್ತಿರಬೇಕು, ಸೆಲ್ ತೆಗೆದಿರಬೇಕು.

ಪ್ಲೇ ಬಟನ್ ಒತ್ತಿ. ಕರೆಂಟ್ ಇಲ್ಲದಿದ್ದರೂ ಹಳೇ ಸೆಟ್ಟುಗಳಲ್ಲಿ ಹೆಡ್ ಮುಂದೆ ಬಂದು ನಿಲ್ತದೆ. ಬಡ್ಸ್ ಅದ್ದಿ, ಹನಿ ಬೀಳದ ಹಾಗೆ ಹಿಂಡಿ, ರೀಲು ಓಡುವ ದಿಕ್ಕಿನಲ್ಲಿ ಅತ್ತಿತ್ತ ಒರೆಸಿ. ಕಂದು ಬರ್ತದೆ. ಬಡ್ಸ್ ಬದಲಿಸಿ, ಮತ್ತೆ. ಬಡ್ಸ್ ಬೆಳ್ಳಗೇ ಉಳಿಯುವ ತನಕ ಒರೆಸಬೇಕು. ಚಿಕ್ಕ ಹೆಡ್ ಮರೆಯಬೇಡಿ. ಆಮೇಲೆ ಉಕ್ಕಿನ ಕಡ್ಡಿ. ಅದರ ಮೇಲೆ ಕಪ್ಪು ಉಂಗುರದ ಹಾಗೆ ಕೊಳೆ ಕಟ್ಟಿರ್ತದೆ, ಸ್ವಲ್ಪ ಒತ್ತಿ ಒರೆಸಬೇಕು. ಉಗುರಲ್ಲಿ, ಬ್ಲೇಡಲ್ಲಿ ಕೆರೆಯಬಾರದು, ಗೀರಾದರೆ ಆ ಗೀರು ಪ್ರತಿ ಕ್ಯಾಸೆಟ್ಟನ್ನೂ ಕೆರೆಯುತ್ತದೆ.

ರಬ್ಬರ್ ಗಾಲಿಗೆ ಬೇರೆ ರೀತಿ. ಸ್ಟಾಪ್ ಒತ್ತಿ ಅದನ್ನು ಬಿಡಿಸಿಕೊಂಡು ಬೆರಳಲ್ಲಿ ತಿರುಗಿಸುತ್ತಾ ಸೋಪು ನೀರಲ್ಲಿ ಅದ್ದಿ ಹಿಂಡಿದ ಬಡ್ಸ್‌ನಲ್ಲಿ ಒರೆಸಿ, ಆಮೇಲೆ ಬರೀ ನೀರಿನ ಬಡ್ಸ್, ಆಮೇಲೆ ಒಣ ಬಟ್ಟೆ. ತುಂಬಾ ಕೊಳೆ ಇದ್ದರೆ ಒಂದೆರಡು ಸಲ ಐಪಿಎ ತಾಗಿಸಬಹುದು, ಆದರೆ ಪದೇ ಪದೇ ಹಾಕಿದರೆ ರಬ್ಬರ್ ಒಣಗಿ ಬಿರುಕು ಬಿಡ್ತದೆ. ಒರೆಸಿದ ಮೇಲೆ ರಬ್ಬರ್ ಹೊಳಪಿಲ್ಲದೆ ಮಂಕಾಗಿ ಕಾಣಬೇಕು. ಕನ್ನಡಿ ಹಾಗೆ ಹೊಳೆದರೆ ಅದು ಗಟ್ಟಿಯಾಗಿದೆ, ಜಾರ್ತದೆ ಅಂತ ಅರ್ಥ, ಬದಲಿಸಬೇಕು.

ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಚಿಕ್ಕ ಸ್ಕ್ರೂ ಕಾಣ್ತದೆ, ಕೆಲವು ಸಲ ಅದರ ಮೇಲೆ ಬಣ್ಣದ ಚುಕ್ಕೆ ಇಟ್ಟಿರ್ತಾರೆ. ಅದು ಸಡಿಲ ಆದ ಸ್ಕ್ರೂ ಅಲ್ಲ. ಹೆಡ್ ಎಷ್ಟು ನೇರ ನಿಂತಿರಬೇಕು ಅಂತ ಕೂರಿಸಿದ್ದು. ಬಿಗಿ ಮಾಡಲು ಹೋದರೆ ಎಲ್ಲ ಕ್ಯಾಸೆಟ್ಟೂ ಮಂಕಾಗಿ ಕೇಳ್ತದೆ. ಮ್ಯಾಗ್ನೆಟ್ ತುದಿಯ ಸ್ಕ್ರೂಡ್ರೈವರ್ ಆ ಜಾಗಕ್ಕೆ ಒಯ್ಯುವುದೂ ಬೇಡ. ಹೆಡ್‌ಗೆ ಅಯಸ್ಕಾಂತ ಗುಣ ಹತ್ತಿದರೆ ಕ್ಯಾಸೆಟ್ ಧ್ವನಿಯಲ್ಲಿ ಗಾಳಿ ಬೀಸಿದಂಥ ಸದ್ದು ಸೇರ್ತದೆ.

ಹತ್ತು ನಿಮಿಷ ಆರಲು ಬಿಡಿ. ದಿನಾ ಹಾಕುವ ಸೆಟ್ ಆದರೆ ಹತ್ತು ಗಂಟೆ ಓಡಿದ ಮೇಲೆ ಒಮ್ಮೆ ಹೀಗೆ ಒರೆಸುವುದು ಒಳ್ಳೇ ಅಭ್ಯಾಸ.

ಕ್ಯಾಸೆಟ್ ಇಲ್ಲದೆ ಒಂದು ಪರೀಕ್ಷೆ

ಈಗ ಹೊಸ ಸೆಲ್ ಹಾಕಿ, ಕ್ಯಾಸೆಟ್ ಹಾಕದೆ, ಬಾಗಿಲು ತೆಗೆದಿಟ್ಟು ಪ್ಲೇ ಒತ್ತಿ. ಕ್ಯಾಸೆಟ್‌ನ ತೂತಿಗೆ ಸಿಕ್ಕುವ ಎರಡು ಹಲ್ಲಿನ ಚಕ್ರಗಳಲ್ಲಿ ಒಂದು ತಿರುಗಬೇಕು. ಓಡಿದ ರೀಲನ್ನು ಸುತ್ತಿಕೊಳ್ಳುವುದು ಅದೇ. ಬೆರಳಿನಿಂದ ಮೆಲ್ಲಗೆ ಹಿಡಿದರೆ ನಿಲ್ಲಬೇಕು, ಬಿಟ್ಟ ತಕ್ಷಣ ಮತ್ತೆ ತಿರುಗಬೇಕು. ಉಕ್ಕಿನ ಕಡ್ಡಿ ತಿರುಗ್ತಾ ಇದ್ದು ಈ ಚಕ್ರ ಮಾತ್ರ ತಿರುಗದಿದ್ದರೆ, ಅಥವಾ ನಿಂತು ನಿಂತು ತಿರುಗಿದರೆ, ಆ ಸೆಟ್ಟಿಗೆ ಯಾವ ಕ್ಯಾಸೆಟ್ಟನ್ನೂ ಹಾಕಬೇಡಿ. ಕಡ್ಡಿ ರೀಲನ್ನು ಹೊರಗೆ ತಳ್ತಾ ಇರ್ತದೆ, ಸುತ್ತಿಕೊಳ್ಳುವವರಿಲ್ಲ. ಟೇಪ್ ರೆಕಾರ್ಡರ್ ರೀಲು ನುಂಗುವುದು ಅಂದರೆ ಹೆಚ್ಚಿನ ಸಲ ಇದೇ.

ಏನೂ ತಿರುಗದೆ ಒಳಗೆ ಮೋಟಾರ್ ಸದ್ದು ಮಾತ್ರ ಬಂದರೆ ಬೆಲ್ಟ್ ಹೋಗಿದೆ. ಹಳೇ ರಬ್ಬರ್ ಬೆಲ್ಟ್ ಎರಡು ತರ ಸಾಯ್ತದೆ. ಒಂದು, ಹಿಗ್ಗಿ ಸಡಿಲ ಆಗುವುದು. ಇನ್ನೊಂದು, ಡಾಂಬರಿನ ಹಾಗೆ ಕರಗಿ ಗಾಲಿಗೆಲ್ಲ ಮೆತ್ತಿಕೊಳ್ಳುವುದು. ಎರಡನೆಯದು ಕೈಗೆ, ಬಟ್ಟೆಗೆ ಹತ್ತಿದರೆ ಬೇಗ ಹೋಗುವುದಿಲ್ಲ, ಪೇಪರ್ ಹಾಸಿ ಕೂತುಕೊಳ್ಳಿ, ಐಪಿಎ ಹಾಕಿ ಗಾಲಿ ಪೂರ್ತಿ ಸ್ವಚ್ಛ ಮಾಡಿ. ಬೆಲ್ಟ್ ಹಾಕಿ ರೂಢಿ ಇಲ್ಲದವರು ರಿಪೇರಿಯವರ ಹತ್ತಿರ ಕೊಡುವುದೇ ಸರಿ. ನೀವೇ ತರುವುದಾದರೆ ಹಳೇ ಬೆಲ್ಟನ್ನೂ ಅಂಗಡಿಗೆ ಒಯ್ಯಿರಿ. ಅದು ಚಪ್ಪಟೆಯೋ ಚೌಕವೋ ನೋಡಿ, ಹಿಗ್ಗಿರುವುದರಿಂದ ಅದಕ್ಕಿಂತ ಸ್ವಲ್ಪ ಚಿಕ್ಕದು ಬೇಕಾಗ್ತದೆ. ತೀರಾ ಬಿಗಿಯಾದರೆ ಮೋಟಾರಿಗೆ ಭಾರ. ತಿಂಡಿ ಪೊಟ್ಟಣದ ರಬ್ಬರ್ ಬ್ಯಾಂಡ್ ಹಾಕಿ ಓಡಿಸುವ ಉಪಾಯ ಊರಲ್ಲಿ ಎಲ್ಲರಿಗೂ ಗೊತ್ತು. ಹಾಡು ತೇಲುತ್ತಾ ಮುಳುಗುತ್ತಾ ಕೇಳ್ತದೆ ಅನ್ನುವುದೂ ಗೊತ್ತು.

ವೈರ್ ಚುಚ್ಚಿದ ಸೆಟ್ಟಿನ ಹಿಂಬದಿ ಮುಚ್ಚಳ ಬಿಚ್ಚಬೇಡಿ. ಸ್ವಿಚ್ ಆಫ್ ಇದ್ದರೂ ಪ್ಲಗ್ ಇರುವಷ್ಟು ಹೊತ್ತು ಟ್ರಾನ್ಸ್‌ಫಾರ್ಮರ್ ಕಡೆ 230 ವೋಲ್ಟ್ ಇರಬಹುದು.

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಒಳಗೆ ದೂಳು. ಸೆಟ್ ಆಫ್ ಇಟ್ಟು ಆ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಅರ್ಧ ಸರಿಹೋಗ್ತದೆ. ಉಳಿದಿದ್ದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಬೈಕ್ ಚೈನಿಗೆ ಹೊಡೆಯುವ ಸ್ಪ್ರೇ ಅಲ್ಲ. ಕ್ಯಾಸೆಟ್ ಹಾಕಿದಾಗ ಮಾತ್ರ ಕೀ ಅಂತ ಕೂಗಿದರೆ, ಒಂದು ಸ್ಪೀಕರ್ ಬಂದು ಹೋಗಿ ಮಾಡಿದರೆ, ಒಳಗಿನ ಉದ್ದನೆಯ ರೆಕಾರ್ಡ್-ಪ್ಲೇ ಸ್ವಿಚ್ ಕೊಳೆಯಾಗಿರ್ತದೆ. ರಿಪೇರಿಗೆ ಕೊಡುವಾಗ ಇದನ್ನು ಹೇಳಿ, ಕೆಲಸ ಬೇಗ ಆಗ್ತದೆ.

ಕ್ಯಾಸೆಟ್‌ಗೆ ಬೂಷ್ಟು

ನಮ್ಮ ಕಡೆಯ ದೊಡ್ಡ ಸಮಸ್ಯೆ ಇದು. ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಬರುವ ಮನೆಯಲ್ಲಿ ಕ್ಯಾಸೆಟ್‌ಗೆ ಬಾರದೆ ಇರ್ತದಾ? ಕ್ಯಾಸೆಟ್ ಕಿಟಕಿಯಿಂದ ಸುತ್ತಿದ ರೀಲಿನ ಬದಿ ನೋಡಿ. ಕನ್ನಡಿಯಂತೆ ಸಪಾಟಾಗಿ ಕಂದು ಅಥವಾ ಕಪ್ಪಾಗಿ ಇರಬೇಕು. ಬಿಳಿ ಚುಕ್ಕೆ, ಹತ್ತಿ ಎಳೆಯಂಥದ್ದು ಕಂಡರೆ ಅದನ್ನು ಓಡಿಸಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹೋಗ್ತದೆ. ಪದರಗಳು ಒಂದಕ್ಕೊಂದು ಅಂಟಿದ್ದರೆ ಮೋಟಾರ್ ಎಳೆದಾಗ ರೀಲು ಹರಿಯುತ್ತದೆ.

ಮೊದಲು ತೇವ ಹೋಗಬೇಕು. ಬಿಸಿಲಿಗೆ, ಒಲೆ ಮೇಲಿನ ಅಟ್ಟಕ್ಕೆ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟ ಆಗ್ತದೆ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಕೂಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಕ್ಯಾಸೆಟ್ ಜೊತೆ ಒಂದು ವಾರ ಮುಚ್ಚಿಡಿ. ಆಮೇಲೆ ಮನೆ ಹೊರಗೆ ಕೂತು, ಮೂಗಿಗೆ ಬಟ್ಟೆ ಕಟ್ಟಿ, ಆರು ಮೂಲೆಯ ಪೆನ್ಸಿಲ್ ತೂತಿಗೆ ಹಾಕಿ ಕೈಯಲ್ಲೇ ನಿಧಾನ ಸುತ್ತಿ. ರೀಲು ಹೊರಗೆ ಕಾಣುವ ಅಂಚಿನಲ್ಲಿ ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯನ್ನು ಹಗುರಾಗಿ ತಾಗಿಸಿದ್ದರೆ ಬೂಷ್ಟು ಬಟ್ಟೆಗೆ ಬರ್ತದೆ. ಎಲ್ಲಾದರೂ ಅಂಟಿದಂತೆ ಆದರೆ ಜಗ್ಗಬಾರದು, ಹಿಂದೆ ಮುಂದೆ ಮಾಡಿ ಬಿಡಿಸಬೇಕು. ಒಂದು ಸೈಡಿಗೆ ಗಂಟೆಯೇ ಬೇಕಾಗಬಹುದು. ಸಿನಿಮಾ ಹಾಡಿನ ಕ್ಯಾಸೆಟ್‌ಗೆ ಇಷ್ಟು ಕಷ್ಟ ಬೇಡ, ಎಸೆಯಿರಿ. ಬಾಲ್‌ಪೆನ್ ಕ್ಯಾಸೆಟ್‌ಗೆ ಮಾತ್ರ ಕೂತುಕೊಳ್ಳಿ.

ಇನ್ನೊಂದು ಚಿಕ್ಕ ವಿಷಯ, ಬಹಳ ಜನ ಗಮನಿಸುವುದಿಲ್ಲ. ಕ್ಯಾಸೆಟ್ ಅಂಚಿನ ಮಧ್ಯದಲ್ಲಿ, ರೀಲಿನ ಹಿಂದೆ, ತೆಳು ತಗಡಿನ ಮೇಲೆ ಬೇಳೆಕಾಳಿನಷ್ಟು ಚಿಕ್ಕ ಮೆತ್ತೆ ಇರ್ತದೆ. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದು. ಗೋಂದು ಒಣಗಿ ಅದು ಬಿದ್ದುಹೋದರೆ ಧ್ವನಿ ಸಣ್ಣಗೆ, ಬಂದು ಹೋಗಿ ಆಗ್ತದೆ. ಐದು ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಬೇಡದ ಕ್ಯಾಸೆಟ್‌ನ ತಗಡು-ಮೆತ್ತೆ ತೆಗೆದು ಇದಕ್ಕೆ ಹಾಕಬಹುದು. ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ ಆದರೆ ಡಬ್ಬಿ ಅಂಚಿನಲ್ಲಿ ಜೋಪಾನವಾಗಿ ಒಡೆದು, ಒಳಗಿನ ರೀಲು ಪೂರ್ತಿ ಸ್ಕ್ರೂ ಇರುವ ಡಬ್ಬಿಗೆ ವರ್ಗಾಯಿಸಬೇಕು. ಬಿಚ್ಚುವ ಮೊದಲು ಮೊಬೈಲಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ರೀಲು ಯಾವ ಗಾಲಿ ಮೇಲೆ ಹೋಗ್ತದೆ ಅಂತ ಮರೆತುಹೋಗ್ತದೆ.

ಇಷ್ಟಾದರೂ ಸೆಟ್ ರೀಲು ನುಂಗಿದರೆ? ತಕ್ಷಣ ಸ್ಟಾಪ್, ಆಮೇಲೆ ಸೆಲ್ ತೆಗೆಯಿರಿ ಅಥವಾ ಪ್ಲಗ್ ಕೀಳಿರಿ. ಕ್ಯಾಸೆಟ್ ಎಳೆದು ತೆಗೆಯುವುದೇ ಎಲ್ಲರೂ ಮಾಡುವ ತಪ್ಪು. ರಬ್ಬರ್ ಗಾಲಿಯನ್ನು ಸುತ್ತಿಕೊಂಡ ದಿಕ್ಕಿಗೆ ಎದುರು ಬೆರಳಲ್ಲಿ ತಿರುಗಿಸುತ್ತಾ ಒಂದೊಂದೇ ಸುತ್ತು ಬಿಡಿಸಿ. ಸುಕ್ಕಾದ ಭಾಗ ಪೆನ್ಸಿಲ್‌ನಲ್ಲಿ ಸುತ್ತಿ ಒಳಗೆ ಹಾಕಿದರೆ ಅಲ್ಲಿ ಒಂದೆರಡು ಸೆಕೆಂಡ್ ಧ್ವನಿ ಕುಗ್ಗಬಹುದು, ಉಳಿದದ್ದು ಉಳೀತದೆ. ತುಂಡಾಗಿದ್ದರೂ ಹೋಯಿತು ಅಂತಲ್ಲ. ಎರಡು ತುದಿ ಸೇರಿಸಿ, ಹೆಡ್ಡಿಗೆ ತಾಗದ ಹಿಂಬದಿಗೆ ಪಟ್ಟಿ ಅಂಟಿಸಬೇಕು. ಅದಕ್ಕೆ ಸ್ಪ್ಲೈಸಿಂಗ್ ಟೇಪ್ ಅಂತಲೇ ಬೇರೆ ಬರ್ತದೆ, ಆನ್‌ಲೈನಲ್ಲಿ ಸಿಗ್ತದೆ. ಮಾಮೂಲಿ ಸೆಲ್ಲೋ ಟೇಪಿನ ಗೋಂದು ಸ್ವಲ್ಪ ದಿನಕ್ಕೆ ಹೊರಗೆ ಹರಿದು ಅಕ್ಕಪಕ್ಕದ ಸುತ್ತುಗಳನ್ನೂ ಅಂಟಿಸಿಬಿಡ್ತದೆ. 120 ನಿಮಿಷದ ಕ್ಯಾಸೆಟ್‌ಗಳ ರೀಲು ತೀರಾ ತೆಳು, ಸಿಕ್ಕುವುದೂ ಹರಿಯುವುದೂ ಅವೇ ಜಾಸ್ತಿ.

ಓಡಿತಾ? ಅದೇ ದಿನ ಮೊಬೈಲಿಗೆ ಇಳಿಸಿ

ಸುಮ್ಮನೆ ಓಡಿಸಿದ ಕ್ಯಾಸೆಟ್ ಒಂದು ಸೈಡ್ ಸರಿಯಾಗಿ ಮುಗಿಸಿತು ಅಂದ ಮೇಲೆ ಬಾಲ್‌ಪೆನ್ ಕ್ಯಾಸೆಟ್ ಹಾಕಿ. ಆದರೆ ಸುಮ್ಮನೆ ಕೇಳಲು ಹಾಕಬೇಡಿ, ಮೊದಲ ಸಲವೇ ರೆಕಾರ್ಡ್ ಮಾಡಿಕೊಳ್ಳಿ. ಮೂವತ್ತು ನಲವತ್ತು ವರ್ಷ ಹಳೇ ರೀಲು ಎರಡನೇ ಸಲ ಓಡ್ತದೆ ಅಂತ ಖಾತ್ರಿ ಇಲ್ಲ.

ಸೆಟ್ಟಿನ ಇಯರ್‌ಫೋನ್ ತೂತಿನಿಂದ ಎರಡೂ ತುದಿಗೆ ಪಿನ್ ಇರುವ ವೈರ್ ಹಾಕಿ ಕಂಪ್ಯೂಟರಿನ ಲೈನ್-ಇನ್ ತೂತಿಗೆ ಕೊಡಬೇಕು. ಲ್ಯಾಪ್‌ಟಾಪಲ್ಲಿ ಆ ತೂತು ಇಲ್ಲದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಅಂತ ಚಿಕ್ಕದೊಂದು ಸಿಗ್ತದೆ. ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ವಾಲ್ಯೂಮ್ ಕಾಲು ಭಾಗದಿಂದ ಶುರು ಮಾಡಿ, ಪರದೆ ಮೇಲಿನ ಪಟ್ಟಿ ಕೆಂಪಿಗೆ ಹೋಗದಷ್ಟು ಮಾತ್ರ ಏರಿಸಿ. ಮೊದಲು ಡಬ್ಲ್ಯೂಎವಿ ಫೈಲ್ ಆಗಿ ಉಳಿಸಿ, ವಾಟ್ಸಾಪಲ್ಲಿ ಕಳಿಸಲು ಬೇಕಾದರೆ ಎಂಪಿ3 ಬೇರೆ ಮಾಡಿ. ಒಂದು ಗಂಟೆ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು, ಬೇಗ ಮಾಡುವ ದಾರಿ ಮನೆಯಲ್ಲಿ ಇಲ್ಲ. ಇದೊಂದೂ ಆಗದವರು ಫ್ಯಾನ್ ಆಫ್ ಮಾಡಿ, ಮೊಬೈಲನ್ನು ಸ್ಪೀಕರ್ ಎದುರು ಒಂದು ಅಡಿ ದೂರ ಇಟ್ಟು ರೆಕಾರ್ಡ್ ಒತ್ತಿ. ಅಷ್ಟು ಚೆನ್ನಾಗಿ ಬರುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಕಾಪಿ ಎರಡು ಕಡೆ ಇರಲಿ, ಮೊಬೈಲಲ್ಲಿ ಮಾತ್ರ ಬೇಡ.

ರೇಡಿಯೊ ಕಡೆಗೆ, ಮತ್ತೆ ಅಂಗಡಿಯವರಿಗೆ

ಉದ್ದನೆಯ ಆಂಟೆನಾ ಎಳೆದರೂ ಭದ್ರಾವತಿ ಕೇಳುವುದಿಲ್ಲ ಅಂತ ದೂರು ಹೇಳುವವರು ಒಂದು ತಿಳಿದಿರಬೇಕು: ಆ ಆಂಟೆನಾ ಎಫ್‌ಎಂಗೆ ಮತ್ತು ಶಾರ್ಟ್‌ವೇವ್‌ಗೆ. ಭದ್ರಾವತಿ ಆಕಾಶವಾಣಿಯ 675, ಧಾರವಾಡದ 765, ಬೆಂಗಳೂರಿನ 612 ಕಿಲೋಹರ್ಟ್ಸ್ ಎಲ್ಲ ಮೀಡಿಯಂ ವೇವ್. ಅದನ್ನು ಹಿಡಿಯುವುದು ಸೆಟ್ ಒಳಗಿನ ಕಪ್ಪು ಕೋಲಿನಂಥ ಫೆರೈಟ್ ರಾಡ್. ಹಾಗಾಗಿ ಸೆಟ್ಟನ್ನೇ ಮೇಜಿನ ಮೇಲೆ ನಿಧಾನ ತಿರುಗಿಸಬೇಕು, ಒಂದು ದಿಕ್ಕಲ್ಲಿ ಜೋರಾಗಿ ಬರ್ತದೆ. ಬುರ್ ಅನ್ನುವ ಸದ್ದು ಜಾಸ್ತಿ ಇದ್ದರೆ ಹತ್ತಿರದ ಎಲ್ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಒಂದೊಂದೇ ಆಫ್ ಮಾಡಿ ನೋಡಿ. ಅಂಗಡಿಗಳಲ್ಲಿ ರೇಡಿಯೊ ಕೆಟ್ಟಿದೆ ಅಂದುಕೊಂಡದ್ದು ಎಷ್ಟೋ ಸಲ ಪಕ್ಕದ ಕಡಿಮೆ ಬೆಲೆಯ ಚಾರ್ಜರಿನ ಕೆಲಸ.

ಸ್ಟೇಷನ್ ಮುಳ್ಳು ಬಿಗಿಯಾಗಿದ್ದರೆ ಜೋರು ಮಾಡಬೇಡಿ. ಒಳಗೆ ದಾರ ಇರ್ತದೆ, ತುಂಡಾದರೆ ಅದನ್ನು ಮತ್ತೆ ಸುತ್ತಿ ಕೂರಿಸಬಲ್ಲವರು ಈಗ ಪೇಟೆಯಲ್ಲಿ ಕಡಿಮೆ.

ಹಿಟ್ಟಿನ ಗಿರಣಿ, ಬೇಕರಿ, ಹೋಟೆಲ್‌ನವರು ಸೆಟ್ಟನ್ನು ಗಲ್ಲಾ ಪಕ್ಕ ಇಟ್ಟಿರ್ತಾರೆ. ಹಿಟ್ಟಿನ ದೂಳು, ಎಣ್ಣೆ ಹೊಗೆ ಸ್ಪೀಕರ್ ಜಾಲರಿಯಿಂದಲೇ ಒಳಗೆ ಹೋಗುವುದು. ರಾತ್ರಿ ಬಾಗಿಲು ಹಾಕುವಾಗ ಒಂದು ತೆಳು ಹತ್ತಿ ಬಟ್ಟೆ ಹೊದಿಸಿ, ಓಡುವಾಗ ಬಟ್ಟೆ ತೆಗೆದಿರಲಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ತೇವ ನಿಲ್ತದೆ. ಕ್ಯಾಸೆಟ್‌ಗಳನ್ನು ಸ್ಪೀಕರ್ ಮೇಲೆ ಅಡಕಿ ಇಡಬೇಡಿ, ಅದರ ಹಿಂದೆ ಇರುವುದು ದೊಡ್ಡ ಅಯಸ್ಕಾಂತ. ಮೈ ಒರೆಸಲು ಸೋಪು ನೀರಲ್ಲಿ ಅದ್ದಿ ಗಟ್ಟಿ ಹಿಂಡಿದ ಬಟ್ಟೆ ಸಾಕು. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿದರೆ ಪ್ಲಾಸ್ಟಿಕ್ಕೇ ಕರಗ್ತದೆ. ಸ್ಟೇಷನ್ ನಂಬರ್ ಇರುವ ಗಾಜಿನಂಥ ಪಟ್ಟಿಗೆ ಐಪಿಎ ಕೂಡ ತಾಗಿಸಬೇಡಿ, ಅಕ್ಷರ ಅಳಿಸಿದರೆ ಭದ್ರಾವತಿ ಎಲ್ಲಿ ಅಂತ ಹುಡುಕಬೇಕಾಗ್ತದೆ.

ಇನ್ನು ಆಯುಧಪೂಜೆ. ಸೆಟ್ಟಿಗೆ ಕುಂಕುಮ ಇಡುವುದು ಬಿಡಿ ಅಂತ ಯಾರಿಗೂ ಹೇಳಲಾಗುವುದಿಲ್ಲ. ಹಿಡಿಕೆಗೆ ಇಡಿ. ಜಾಲರಿಗೆ, ಕ್ಯಾಸೆಟ್ ಬಾಗಿಲಿಗೆ ಇಡಬೇಡಿ, ತೀರ್ಥ ಪ್ರೋಕ್ಷಣೆ ಮಾಡುವಾಗ ಮೇಲೊಂದು ಬಟ್ಟೆ ಇರಲಿ. ಪೂಜೆ ಮುಗಿಸಿ ಮತ್ತೆ ಅಟ್ಟಕ್ಕೆ ಹಾಕುವುದಾದರೆ ಸೆಲ್ ತೆಗೆದಿಡಿ, ಪ್ಲೇ ಬಟನ್ ಒತ್ತಿದ ಸ್ಥಿತಿಯಲ್ಲಿ ಬಿಡಬೇಡಿ. ಹಾಗೆ ಬಿಟ್ಟರೆ ಕಡ್ಡಿ ಒತ್ತಿಕೊಂಡೇ ಇದ್ದು ರಬ್ಬರ್ ಗಾಲಿಯಲ್ಲಿ ಗುಳಿ ಬೀಳ್ತದೆ, ಮುಂದಿನ ದೀಪಾವಳಿಗೆ ಕೆಳಗಿಳಿಸಿದಾಗ ಹಾಡು ಸುತ್ತಿಗೊಮ್ಮೆ ಎಗರ್ತದೆ.